ಬೇಸಿಗೆ ಬಂದಂತೆ ತೊಗಲು ಮೊಟ್ಟೆ: ಹಿತ್ತಲ ಕೋಳಿಗಳಿಗೆ ಎಲೆಯಡಿಕೆಯ ಸುಣ್ಣ ಕೊಡಬಹುದೇ?

ಹಿರಿಯೂರಿನ ಹಿತ್ತಲು · ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಒಂದು ಹುಂಜ ಮತ್ತು ಒಂಬತ್ತು ಹೇಟೆಗಳಿವೆ. ಹೇಟೆಗಳಲ್ಲಿ ಐದು ಸ್ವರ್ಣಧಾರಾ ತಳಿಯವು, ಉಳಿದ ನಾಲ್ಕು ನಾಟಿ. ಯುಗಾದಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಅಲ್ಲಿಂದೀಚೆಗೆ ಸ್ವರ್ಣಧಾರಾ ಇಡುವ ಮೊಟ್ಟೆಗಳ ಚಿಪ್ಪು ದಿನೇ ದಿನೇ ತೆಳುವಾಗುತ್ತಿದ್ದು, ಕೈಯಲ್ಲಿ ಹಿಡಿದು ತರುವಷ್ಟರಲ್ಲೇ ಕೆಲವು ಬಿರುಕು ಬಿಡುತ್ತಿವೆ. ಇಂದು ಬೆಳಗಿನ ಜಾವ ಗೂಡಿನ ಬಾಗಿಲು ತೆರೆದಾಗ ಕೋಳಿಗಳು ಕೂರುವ ಗಳುವಿನ ಕೆಳಗೆ ಚಿಪ್ಪೇ ಇಲ್ಲದ ತೊಗಲು ಮೊಟ್ಟೆಯೊಂದು ಬಿದ್ದಿತ್ತು. ಇನ್ನೂ ಬೆಚ್ಚಗಿದ್ದ ಅದನ್ನು ಅಂಗೈಯಲ್ಲಿ ಇಟ್ಟುಕೊಂಡರೆ ನೀರು ತುಂಬಿದ ಬಲೂನಿನಂತೆ ಒಂದು ಕಡೆಗೆ ಜೋಲುತ್ತಿತ್ತು. ಬಿಳಿಯ ಪೊರೆಯ ಒಳಗೆ ಹಳದಿ ಅಲುಗಾಡುವುದು ಬೆಳಕಿಗೆ ಹಿಡಿದಾಗ ಕಾಣುತ್ತಿತ್ತು. ನಾಟಿ ಕೋಳಿಗಳ ಮೊಟ್ಟೆಗಳು ಮಾತ್ರ ಮೊದಲಿನಂತೆಯೇ ಗಟ್ಟಿಯಾಗಿವೆ.

ಬೆಳಿಗ್ಗೆ ಅಂಗಡಿಯಿಂದ ತಂದ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಯ ಮೇವು, ಹಾಕುತ್ತೇವೆ. ಸಂಜೆ ಮನೆಯಲ್ಲಿ ಉಳಿದ ಅನ್ನ, ನುಚ್ಚಕ್ಕಿ ಮತ್ತು ಜೋಳ ಕೊಡುತ್ತೇವೆ. ಮಧ್ಯಾಹ್ನದ ಬಿಸಿಲು ಈಗ 38 ಡಿಗ್ರಿ ಮುಟ್ಟುತ್ತಿದೆ. ಎಲೆಯಡಿಕೆಗೆ ಬಳಸುವ ಸುಣ್ಣವನ್ನು ಕುಡಿಯುವ ನೀರಿಗೆ ಕದಡಿ ಕೊಟ್ಟರೆ ಚಿಪ್ಪು ಗಟ್ಟಿಯಾಗುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ಅವರು ನನಗಿಂತ ಹೆಚ್ಚು ವರ್ಷ ಕೋಳಿ ಸಾಕಿದವರು, ಆದ್ದರಿಂದ ಅವರ ಮಾತನ್ನು ತಳ್ಳಿಹಾಕಲು ಮನಸ್ಸಿಲ್ಲ. ಆದರೂ ತಿಳಿದವರನ್ನು ಕೇಳದೆ ಕೊಡಲು ಧೈರ್ಯ ಸಾಲುತ್ತಿಲ್ಲ.

ನಿವೃತ್ತ ಪಶುವೈದ್ಯೆ · ಏಪ್ರಿಲ್ 9

ದಯವಿಟ್ಟು ಎಲೆಯಡಿಕೆಯ ಸುಣ್ಣ ಕೊಡಬೇಡಿ. ಅದು ನೀರು ಹಾಕಿ ಅರಳಿಸಿದ ಸುಣ್ಣ. ಎಲೆಯ ಜೊತೆ ಸ್ವಲ್ಪ ಹೆಚ್ಚಾದರೆ ನಮ್ಮ ನಾಲಿಗೆಯನ್ನೇ ಸುಡುವ ಆ ಪದಾರ್ಥ ಕೋಳಿಯ ಬಾಯಿ ಮತ್ತು ಅನ್ನನಾಳವನ್ನು ಸುಡದೆ ಬಿಡುವುದಿಲ್ಲ. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ: ಕೊರತೆ ಇರುವುದು ಸುಣ್ಣದ ಅಂಶದ್ದೇ, ಅಂದರೆ ಕ್ಯಾಲ್ಸಿಯಂದ್ದೇ. ಆದರೆ ಕೋಳಿಗೆ ಬೇಕಾದದ್ದು ಸುಡದ ಸುಣ್ಣಕಲ್ಲು ಅಥವಾ ಸಮುದ್ರದ ಚಿಪ್ಪಿನ ಚೂರು. ಎರಡರಲ್ಲೂ ಇರುವುದು ಮೊಟ್ಟೆಯ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್.

ನಾಟಿ ಕೋಳಿಗಳ ಮೊಟ್ಟೆ ಗಟ್ಟಿಯಾಗಿಯೇ ಇದೆ ಎಂಬ ನಿಮ್ಮ ಮಾತಿನಲ್ಲೇ ಉತ್ತರದ ಬಹುಪಾಲು ಅಡಗಿದೆ. ಒಂದೇ ಹಿತ್ತಲು, ಒಂದೇ ನೀರು, ಒಂದೇ ಮೇವು ಇದ್ದೂ ಎರಡು ಬಗೆಯ ಕೋಳಿಗಳಲ್ಲಿ ಒಂದಕ್ಕೆ ಮಾತ್ರ ತೊಂದರೆ ಬಂದಿದೆ ಎಂದರೆ, ಮೊದಲು ನೋಡಬೇಕಾದದ್ದು ಆ ಎರಡರ ನಡುವಿನ ವ್ಯತ್ಯಾಸವನ್ನು. ನಾಟಿ ಹೇಟೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಆ ಬಿಡುವಿನಲ್ಲಿ ಅದರ ಎಲುಬುಗಳು ಕಳೆದುಕೊಂಡ ಕ್ಯಾಲ್ಸಿಯಂ ಅನ್ನು ಮತ್ತೆ ತುಂಬಿಕೊಳ್ಳುತ್ತವೆ. ಸ್ವರ್ಣಧಾರಾ ಹೆಚ್ಚು ಮೊಟ್ಟೆಗೆಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಅದು ನಾಟಿಯ ಎರಡು ಪಟ್ಟಿಗೂ ಮಿಕ್ಕಿ ಮೊಟ್ಟೆ ಇಡುತ್ತದೆ ಮತ್ತು ನಡುವೆ ಅಷ್ಟು ದೀರ್ಘ ಬಿಡುವು ತೆಗೆದುಕೊಳ್ಳುವುದಿಲ್ಲ. ನಾಟಿಗೆ ಸಾಕಾಗುವ ಮೇವು ಅದಕ್ಕೆ ಸಾಲದು.

ಲೆಕ್ಕ ಹಾಕಿ ನೋಡೋಣ. ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಸುಮಾರು 2 ಗ್ರಾಂ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಮೈಗೆ ಹತ್ತುವುದರಿಂದ, ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂನಷ್ಟು ಬೇಕಾಗುತ್ತದೆ. ಲೇಯರ್ ಫೀಡ್‌ನಲ್ಲಿ ಶೇಕಡಾ 3.5ರಿಂದ 4ರವರೆಗೆ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ 110 ಗ್ರಾಂ ಫೀಡನ್ನೇ ತಿಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ನಿಮ್ಮ ಕೋಳಿಯ ಹೊಟ್ಟೆಯ ಅರ್ಧ ಭಾಗವನ್ನು ಅನ್ನ, ನುಚ್ಚು ಮತ್ತು ಜೋಳ ತುಂಬುತ್ತಿವೆ, ಅವುಗಳಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ರಾಗಿಯನ್ನು ಕೊಟ್ಟರೆ ಸಾಲದೇ ಎಂದು ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ಧಾನ್ಯಗಳಲ್ಲಿ ರಾಗಿಯೇ ಮೇಲು ಎಂಬುದು ನಿಜ. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 0.34 ಗ್ರಾಂ ಕ್ಯಾಲ್ಸಿಯಂ ಮಾತ್ರ.

ಇದರ ಮೇಲೆ ಹೊತ್ತಿನ ಪ್ರಶ್ನೆಯೂ ಇದೆ, ನನ್ನ ಅನುಭವದಲ್ಲಿ ಹಿತ್ತಲಲ್ಲಿ ಕೋಳಿ ಸಾಕುವವರು ಗಮನಿಸದೇ ಇರುವುದು ಇದನ್ನೇ. ಹಳದಿ ಅಂಡಾಶಯದಿಂದ ಬಿಟ್ಟ ಮೇಲೆ ಮೊಟ್ಟೆ ಪೂರ್ತಿಯಾಗಿ ಹೊರಬರಲು 24ರಿಂದ 26 ಗಂಟೆ ಹಿಡಿಯುತ್ತದೆ. ಬಿಳಿಯ ಭಾಗಕ್ಕೆ ಬೇಕಾಗುವುದು ಸುಮಾರು ಮೂರು ಗಂಟೆ, ಚಿಪ್ಪಿಗೆ ಬೇಕಾಗುವುದು ಸುಮಾರು ಇಪ್ಪತ್ತು ಗಂಟೆ. ಆ ಇಪ್ಪತ್ತು ಗಂಟೆಗಳ ಮುಖ್ಯ ಕೆಲಸವೆಲ್ಲ ನಡೆಯುವುದು ರಾತ್ರಿ, ಕೋಳಿ ಗಳುವಿನ ಮೇಲೆ ಕೂತು ನಿದ್ರಿಸುವಾಗ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ತನ್ನ ಕಾಲೆಲುಬಿನ ಒಳಗಿನ ಸಂಗ್ರಹದಿಂದ ತೆಗೆದು ಚಿಪ್ಪು ಕಟ್ಟುತ್ತದೆ. ಸಂಗ್ರಹ ಬರಿದಾಗುತ್ತ ಬಂದಾಗ ಚಿಪ್ಪು ತೆಳುವಾಗುತ್ತದೆ, ಆಮೇಲೆ ಕೋಳಿ ಕುಂಟತೊಡಗುತ್ತದೆ. ನೀವು ಕ್ಯಾಲ್ಸಿಯಂ ಇರುವ ಮೇವನ್ನು ಬೆಳಿಗ್ಗೆ, ಇಲ್ಲದ ಮೇವನ್ನು ಸಂಜೆ ಕೊಡುತ್ತಿದ್ದೀರಿ. ಅದನ್ನು ತಿರುಗಿಸಿ. ಲೇಯರ್ ಫೀಡ್ ಬೆಳಿಗ್ಗೆಯೂ ಇರಲಿ, ಸಂಜೆಯೂ ಇರಲಿ, ಕಾಳು ಮತ್ತು ಅನ್ನ ಬೆಳಗಿನ ನಡುಹೊತ್ತಿಗೆ ಒಂದು ಹಿಡಿಯಷ್ಟಾಗಲಿ. ಸೂರ್ಯ ಮುಳುಗುವ ಎರಡು ಗಂಟೆ ಮೊದಲು ಚಿಪ್ಪಿನ ಚೂರುಗಳನ್ನು ಬೇರೆ ಬಟ್ಟಲಿನಲ್ಲಿ ಇಡಿ. ನುಣ್ಣಗಿನ ಪುಡಿ ಬೇಗ ಕರಗಿ ಹೊರಟುಹೋಗುತ್ತದೆ. ಜೋಳದ ಕಾಳಿನಷ್ಟು ದಪ್ಪದ ಚೂರು, ಕಾಳನ್ನು ಅರೆಯುವ ಹೊಟ್ಟೆಯಲ್ಲಿ ನಿಂತು ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತದೆ.

ಇನ್ನು ಬಿಸಿಲು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ತೇಕುವುದೇ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಇರುವ ಮುಖ್ಯ ದಾರಿ. ಹಾಗೆ ತೇಕಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದ ಸಮತೋಲನ ಕೆಡುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಎರಡೂ ಸರಿಯಾಗಿ ಒದಗುವುದಿಲ್ಲ. ಜೊತೆಗೆ ಸೆಕೆಗೆ ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ಗೂಡಿನ ಪಶ್ಚಿಮದ ಕಡೆಗೆ ಒದ್ದೆ ಗೋಣಿಚೀಲ ಇಳಿಬಿಡಿ, ಗಾಳಿ ಆಡುವ ದಾರಿ ಮುಚ್ಚದಂತೆ ನೋಡಿಕೊಳ್ಳಿ, ನೀರನ್ನು ಮಣ್ಣಿನ ಬಾನಿಯಲ್ಲಿ ನೆರಳಿನಲ್ಲಿಟ್ಟು ಮಧ್ಯಾಹ್ನ ಒಮ್ಮೆ ಬದಲಾಯಿಸಿ.

ಕರಾವಳಿಯ ಕೋಳಿಗೂಡು · ಏಪ್ರಿಲ್ 10

ವೈದ್ಯರ ಮಾತಿಗೆ ನಮ್ಮ ಕಡೆಯ ರೂಢಿಯನ್ನು ಸೇರಿಸುತ್ತೇನೆ. ಕುಂದಾಪುರದ ಕಡೆ ಹೊಳೆಯ ಚಿಪ್ಪುಗಳಿಗೆ ಬರವಿಲ್ಲ. ಅಡುಗೆ ಆದ ಮೇಲೆ ಉಳಿಯುವ ಖಾಲಿ ಚಿಪ್ಪುಗಳನ್ನು ನಾವು ಉಪ್ಪಿನಂಶ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ನಾಲ್ಕು ದಿನ ಬಿಸಿಲಿಗೆ ಹಾಕಿ, ಗೋಣಿಚೀಲದ ಒಳಗಿಟ್ಟು ಕಲ್ಲಿನಿಂದ ಜಜ್ಜುತ್ತೇವೆ. ಜರಡಿಯಲ್ಲಿ ಕೆಳಗಿಳಿಯುವ ಪುಡಿಯನ್ನು ತೆಂಗಿನ ಬುಡಕ್ಕೆ ಹಾಕಿ, ಮೇಲೆ ಉಳಿಯುವ ಚೂರನ್ನು ಕೋಳಿಗೆ ಇಡುತ್ತೇವೆ. ಚೂಪಾದ ಉದ್ದ ಚೂರುಗಳಿದ್ದರೆ ಮತ್ತೊಮ್ಮೆ ಜಜ್ಜಬೇಕು. ಒಳನಾಡಿನವರಿಗೆ ಕೋಳಿ ಮೇವಿನ ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂಬ ಹೆಸರಿನಲ್ಲಿ ಇದೇ ಸಿಗುತ್ತದೆ.

ಮನೆಯ ಮೊಟ್ಟೆಯ ಚಿಪ್ಪನ್ನೂ ಬಳಸಬಹುದು. ಆದರೆ ಕುದಿಸಿ, ಗರಿಗರಿಯಾಗುವಂತೆ ಬಾಣಲೆಯಲ್ಲಿ ಹುರಿದು, ಅದು ಮೊಟ್ಟೆಯೆಂದು ಗುರುತೇ ಸಿಗದಂತೆ ಪುಡಿ ಮಾಡಿ ಕೊಡಬೇಕು. ಒಡೆದ ಅರ್ಧ ಚಿಪ್ಪನ್ನು ಹಾಗೆಯೇ ಎಸೆದರೆ ಕೋಳಿಗೆ ಮೊಟ್ಟೆಯ ರುಚಿ ಕಲಿಸಿದಂತಾಗುತ್ತದೆ.

ತುಮಕೂರಿನ ತೆಂಗಿನ ತೋಟ · ಏಪ್ರಿಲ್ 10

ಚಿಪ್ಪಿನ ಚೂರನ್ನು ಮೇವಿಗೇ ಬೆರೆಸಿದರೆ ಕೆಲಸ ಸುಲಭವಲ್ಲವೇ? ನಮ್ಮಲ್ಲಿ ಹುಂಜ, ಹೇಟೆ ಮತ್ತು ಎರಡು ತಿಂಗಳ ಮರಿಗಳೆಲ್ಲ ಒಂದೇ ತಟ್ಟೆಯಲ್ಲಿ ತಿನ್ನುತ್ತವೆ.

ನಿವೃತ್ತ ಪಶುವೈದ್ಯೆ · ಏಪ್ರಿಲ್ 10

ಬೆರೆಸಬೇಡಿ. ಮೊಟ್ಟೆ ಇಡದ ಮರಿಗಳಿಗೆ ಶೇಕಡಾ 1ರ ಆಸುಪಾಸಿನ ಕ್ಯಾಲ್ಸಿಯಂ ಸಾಕು. ಅದಕ್ಕಿಂತ ಬಹಳ ಹೆಚ್ಚಿನದನ್ನು ವಾರಗಟ್ಟಲೆ ತಿಂದರೆ ಅವುಗಳ ಮೂತ್ರಪಿಂಡ ಹಾಳಾಗುತ್ತದೆ, ಹುಂಜಕ್ಕೂ ಅದು ಒಳ್ಳೆಯದಲ್ಲ. ಮರಿಗಳಿಗೆ ಲೇಯರ್ ಫೀಡನ್ನೂ ಹಾಕಬಾರದು. ನಿಮ್ಮಂತೆ ಎಲ್ಲ ವಯಸ್ಸಿನವೂ ಒಟ್ಟಿಗಿರುವ ಕಡೆ, ಬೆಳೆಯುವ ಕೋಳಿಯ ಮೇವನ್ನು ಎಲ್ಲಕ್ಕೂ ಹಾಕಿ, ಚಿಪ್ಪಿನ ಬಟ್ಟಲನ್ನು ಮರಿಗಳ ಕೊಕ್ಕಿಗೆ ಎಟುಕದ ಎತ್ತರದಲ್ಲಿ ಕಟ್ಟುವುದು ಸರಿಯಾದ ದಾರಿ. ಮೊಟ್ಟೆ ಇಡುವ ಹೇಟೆ ತನಗೆ ಬೇಕಾದಷ್ಟನ್ನು ತಾನೇ ಹುಡುಕಿ ತಿನ್ನುತ್ತದೆ. ಸಂಜೆಯ ಹೊತ್ತು ಬಟ್ಟಲಿನ ಬಳಿ ನಿಂತು ನೋಡಿದರೆ, ಮರುದಿನ ಮೊಟ್ಟೆ ಇಡಲಿರುವವು ಅದರ ಸುತ್ತ ಸೇರುವುದು ಕಾಣುತ್ತದೆ.

ಅರಸೀಕೆರೆಯ ಓದುಗ · ಏಪ್ರಿಲ್ 11

ತೆಳು ಚಿಪ್ಪಿನ ಸಮಸ್ಯೆಯನ್ನು ನಾವು ಕಳೆದ ವರ್ಷ ಅಸಡ್ಡೆ ಮಾಡಿದೆವು. ಅದರಿಂದ ಇನ್ನೊಂದು ತೊಂದರೆ ಹುಟ್ಟಿಕೊಂಡಿತು. ಗೂಡಿನಲ್ಲಿ ತಾನಾಗಿ ಒಡೆದ ಮೊಟ್ಟೆಯನ್ನು ಒಂದು ಹೇಟೆ ತಿಂದಿತು, ಹದಿನೈದು ದಿನಗಳಲ್ಲಿ ಮೂರು ಹೇಟೆಗಳು ಗಟ್ಟಿ ಮೊಟ್ಟೆಯನ್ನೂ ಕುಕ್ಕಿ ಒಡೆಯುವುದನ್ನು ಕಲಿತವು. ಊರಿನವರ ಸಲಹೆಯಂತೆ ಖಾಲಿ ಮೊಟ್ಟೆಯೊಳಗೆ ಖಾರದ ಪುಡಿ ತುಂಬಿ ಇಟ್ಟೆವು. ಅದನ್ನೂ ತಿಂದು ಮುಗಿಸಿದವು. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಟ್ಟುವುದೇ ಇಲ್ಲ ಎಂದು ಆಮೇಲೆ ಪಶುವೈದ್ಯರಿಂದ ತಿಳಿಯಿತು. ತೋಟದ ಗಿಣಿಗಳು ಹಣ್ಣು ಮೆಣಸಿನಕಾಯಿಯನ್ನು ನಿರಾಯಾಸವಾಗಿ ತಿನ್ನುವುದನ್ನು ದಿನವೂ ನೋಡುತ್ತಿದ್ದ ನಮಗೆ ಅದು ಮೊದಲೇ ಹೊಳೆಯಬೇಕಿತ್ತು.

ಕೊನೆಗೆ ಕೈಹಿಡಿದದ್ದು ಬೇರೆಯೇ ಕ್ರಮ. ಮೊಟ್ಟೆ ಇಡುವ ಮಂಕರಿಗಳನ್ನು ಅಂಗಳದ ಬೆಳಕಿನಿಂದ ಒಳಗಿನ ಕತ್ತಲೆ ಮೂಲೆಗೆ ಸರಿಸಿದೆವು. ಅಡಿಯಲ್ಲಿ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಹಾಸಿದೆವು, ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಮ್ಮೆ ಮತ್ತು ಮಧ್ಯಾಹ್ನ ಒಮ್ಮೆ ಮೊಟ್ಟೆ ಎತ್ತತೊಡಗಿದೆವು. ಬಡಗಿಯಿಂದ ಮಾಡಿಸಿದ ಮರದ ಹುಸಿ ಮೊಟ್ಟೆಗಳನ್ನು ಪ್ರತಿ ಮಂಕರಿಯಲ್ಲೂ ಎರಡರಂತೆ ಇಟ್ಟೆವು. ಕುಕ್ಕಿ ಕುಕ್ಕಿ ಏನೂ ಸಿಗದೆ ಎರಡು ಹೇಟೆಗಳು ತಿಂಗಳೊಳಗೆ ಚಟ ಬಿಟ್ಟವು. ಮೂರನೆಯದು ಬಿಡಲಿಲ್ಲ, ಅದನ್ನು ಬೇರೆ ಇಡಬೇಕಾಯಿತು.

ನಮ್ಮ ನಾಯಿಯೂ ಬಿದ್ದ ಮೊಟ್ಟೆಗಳಿಗಾಗಿ ಗೂಡಿನ ಬಾಗಿಲಲ್ಲಿ ಕಾಯುತ್ತಿತ್ತು. ನಾಯಿ ಸಾಕಿದವರು ಇದನ್ನು ಸಲುಗೆಯೆಂದು ಬಿಡಬಾರದು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಭಯವಿದೆ, ಹಸಿ ಬಿಳಿಯ ಭಾಗವನ್ನು ದಿನವೂ ತಿಂದರೆ ಬಯೋಟಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಬೇಯಿಸಿ ಕೊಟ್ಟರೆ ಎರಡೂ ತೊಂದರೆ ತಪ್ಪುತ್ತದೆ.

ಹಿರಿಯೂರಿನ ಹಿತ್ತಲು · ಏಪ್ರಿಲ್ 19, ಬೆಳಿಗ್ಗೆ

ಹತ್ತು ದಿನಗಳಿಂದ ನೀವು ಹೇಳಿದಂತೆಯೇ ನಡೆಸಿದ್ದೇವೆ, ನಾಲ್ಕು ಸ್ವರ್ಣಧಾರಾಗಳ ಮೊಟ್ಟೆಯಲ್ಲಿ ವ್ಯತ್ಯಾಸ ಕಾಣುತ್ತಿದೆ. ಆದರೆ ಐದನೆಯದಾದ ಕೆಂಚಿ ನಿನ್ನೆ ಮಧ್ಯಾಹ್ನದಿಂದ ಮೇವು ಮುಟ್ಟಿಲ್ಲ. ಗೂಡಿನ ಮೂಲೆಯಲ್ಲಿ ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು, ಎದೆಯೆತ್ತಿ ನೆಟ್ಟಗೆ ನಿಂತಿದ್ದಾಳೆ. ಆಗಾಗ ಮಂಕರಿಗೆ ಹೋಗಿ ತಿಣುಕಿ ಮೊಟ್ಟೆ ಇಡದೆ ಬರುತ್ತಾಳೆ. ಜುಟ್ಟಿನ ಕೆಂಪು ಮಾಸಿದೆ. ಇದು ಕಾವಿಗೆ ಕೂರುವ ಲಕ್ಷಣವೋ ಕಾಯಿಲೆಯೋ ತಿಳಿಯುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ.

ನಿವೃತ್ತ ಪಶುವೈದ್ಯೆ · ಏಪ್ರಿಲ್ 19, ಬೆಳಿಗ್ಗೆ

ಕಾವಿಗೆ ಕೂತ ಕೋಳಿ ಮಂಕರಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಕೈ ಹಾಕಿದರೆ ಗುರ್ರೆಂದು ಕುಕ್ಕಲು ಬರುತ್ತದೆ, ಅದರ ಕಣ್ಣು ಚುರುಕಾಗಿರುತ್ತದೆ. ನೀವು ವರ್ಣಿಸಿದ್ದು ಮೊಟ್ಟೆ ಒಳಗೆ ಸಿಕ್ಕಿಕೊಂಡಿರುವ ಲಕ್ಷಣ. ಕ್ಯಾಲ್ಸಿಯಂ ಕೊರತೆಯಾದಾಗ ಚಿಪ್ಪು ಮಾತ್ರ ತೆಳುವಾಗುವುದಿಲ್ಲ, ಮೊಟ್ಟೆಯನ್ನು ಹೊರದಬ್ಬಬೇಕಾದ ಅಂಡನಾಳದ ಸ್ನಾಯುಗಳೂ ಸೋಲುತ್ತವೆ. ಇದರಲ್ಲಿ ತಡ ಮಾಡಿದರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು.

ಮೊದಲು ಮೊಳಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರನ್ನು ಟಬ್‌ಗೆ ತುಂಬಿ, ಹೊಟ್ಟೆ ಮತ್ತು ಬಾಲದ ಬುಡ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಿ. ಮೈ ಒರೆಸಿ, ಕೈಗವಸು ಹಾಕಿಕೊಂಡು ದ್ವಾರದ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಮಬ್ಬು ಬೆಳಕಿನ ಶಾಂತವಾದ ಕೋಣೆಯಲ್ಲಿ ನೀರಿಟ್ಟು ಬಿಡಿ. ಹೊಟ್ಟೆಯನ್ನು ಒತ್ತಬೇಡಿ, ಸೂಜಿ ಚುಚ್ಚಿ ಮೊಟ್ಟೆ ಒಡೆಯುವ ಪ್ರಯತ್ನವನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ಒಳಗೆ ಒಡೆದ ಚಿಪ್ಪು ಅಂಡನಾಳವನ್ನು ಸೀಳುತ್ತದೆ, ಆ ನಂಜು ಏರಿದರೆ ಉಳಿಸುವುದು ಬಹಳ ಕಷ್ಟ. ಇಷ್ಟು ಮಾಡುತ್ತಲೇ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೇಳಿಕಳುಹಿಸಿ. ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗಬಹುದು, ಅದರ ಪ್ರಮಾಣವನ್ನು ಕೋಳಿಯ ತೂಕ ನೋಡಿದವರೇ ನಿರ್ಧರಿಸಬೇಕು. ವಾಹನವಿಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ವಿಚಾರಿಸಿ.

ಹಿರಿಯೂರಿನ ಹಿತ್ತಲು · ಏಪ್ರಿಲ್ 20

ಕೆಂಚಿ ಉಳಿದಳು. ಮೊದಲ ಸಲ ನೀರಿನಲ್ಲಿ ಕೂರಿಸಿದಾಗ ಒದರಾಡಿದಳು. ನಾನು ಎರಡೂ ರೆಕ್ಕೆಗಳನ್ನು ಮೆಲ್ಲಗೆ ಅದುಮಿ ಹಿಡಿದು ಮಾತನಾಡಿಸುತ್ತ ಕೂತೆ. ಐದು ನಿಮಿಷ ಕಳೆಯುವಷ್ಟರಲ್ಲಿ ಅವಳ ಕುತ್ತಿಗೆ ಸಡಿಲಾಗಿ, ಕೆಳಗಿನ ರೆಪ್ಪೆ ನಿಧಾನವಾಗಿ ಮೇಲೇರಿ ಕಣ್ಣು ಮುಚ್ಚಿತು, ಗಲ್ಲವನ್ನು ನನ್ನ ಮಣಿಕಟ್ಟಿನ ಮೇಲಿಟ್ಟಳು. ಮಧ್ಯಾಹ್ನ ಚಿಕಿತ್ಸಾಲಯದ ವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರು. ಸಂಜೆ ಇನ್ನೊಮ್ಮೆ ನೀರಿನಲ್ಲಿ ಕೂರಿಸಿದ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ ಸುಕ್ಕುಗಟ್ಟಿದ, ಅರ್ಧ ಮಾತ್ರ ಚಿಪ್ಪು ಕಟ್ಟಿದ ಮೊಟ್ಟೆ ಹೊರಬಂತು. ಇಂದು ಬೆಳಿಗ್ಗೆ ನೆನೆಸಿದ ಫೀಡ್ ತಿಂದಳು. ಚಿಪ್ಪಿನ ಬಟ್ಟಲಿನ ಬಳಿ ಉಳಿದವು ಅವಳನ್ನು ಕುಕ್ಕಿ ಓಡಿಸುತ್ತಿದ್ದುದನ್ನು ನಾನು ನೋಡಿಯೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ, ಆ ನೋವು ಇದೆ. ಈಗ ಎರಡು ಬಟ್ಟಲುಗಳನ್ನು ದೂರ ದೂರ ಕಟ್ಟಿದ್ದೇನೆ.

ಕೋಲಾರದ ಕೋಳಿ ಸಾಕಣೆ · ಏಪ್ರಿಲ್ 22

ಸುಕ್ಕುಗಟ್ಟಿದ ಮೊಟ್ಟೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಬೇಕೆನಿಸಿತು. ಒಂದು ಕೋಳಿ ಒಂದು ಸಲ ಹಾಗೆ ಇಟ್ಟರೆ ಗಾಬರಿಯಾಗಬೇಕಿಲ್ಲ. ಹಲವು ಕೋಳಿಗಳು ಒಟ್ಟಿಗೆ ಸುಕ್ಕು ಮೊಟ್ಟೆ ಇಡತೊಡಗಿ, ಒಡೆದಾಗ ಬಿಳಿಯ ಭಾಗ ನೀರಿನಂತೆ ಹರಿದು, ಜೊತೆಗೆ ಸೀನು ಮತ್ತು ಗೊರಗೊರ ಉಸಿರು ಕೇಳಿಸಿದರೆ ಅದು ಮೇವಿನ ಪ್ರಶ್ನೆಯಲ್ಲ, ಬ್ರಾಂಕೈಟಿಸ್ ಎಂಬ ಸೋಂಕು ಇರಬಹುದು. ಕೊಕ್ಕರೆ ರೋಗದಲ್ಲಿಯೂ (ರಾಣಿಖೇತ್) ಮೊಟ್ಟೆಯ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಹಸಿರು ಭೇದಿಯಾಗುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ. ಅದಕ್ಕೆ ಬಂದ ಮೇಲೆ ಮದ್ದಿಲ್ಲ. ಮರಿಗೆ ಮೊದಲ ವಾರದಲ್ಲಿ ಲಸೋಟಾ ಲಸಿಕೆ, ಎರಡು ತಿಂಗಳು ತುಂಬಿದ ಮೇಲೆ ಆರ್‌2ಬಿ ಚುಚ್ಚುಮದ್ದು ಹಾಕಿಸಿರಬೇಕು. ನಾಟಿ ಕೋಳಿಗೆ ಲಸಿಕೆ ಏಕೆ ಎನ್ನುವವರು ಇನ್ನೂ ಇದ್ದಾರೆ. ಒಂದೇ ವಾರದಲ್ಲಿ ಇಡೀ ಬೀದಿಯ ಕೋಳಿಗಳು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಂಗಳೂರಿನ ಮಾಳಿಗೆ · ಏಪ್ರಿಲ್ 22

ಹಳದಿಯ ಮೇಲೆ ಒಮ್ಮೊಮ್ಮೆ ರಕ್ತದ ಚುಕ್ಕೆ ಕಾಣುತ್ತದೆ. ತಿನ್ನಬಹುದೇ? ಕಾವು ತಾಗಿದ ಮೊಟ್ಟೆ ಎಂದು ಮನೆಯಲ್ಲಿ ಎಸೆಯುತ್ತಾರೆ.

ನಿವೃತ್ತ ಪಶುವೈದ್ಯೆ · ಏಪ್ರಿಲ್ 22

ತಿನ್ನಬಹುದು. ಹಳದಿ ಬಿಡುಗಡೆಯಾಗುವಾಗ ಸಣ್ಣ ರಕ್ತನಾಳವೊಂದು ಒಡೆದರೆ ಆ ಚುಕ್ಕೆ ಬೀಳುತ್ತದೆ, ಹುಂಜವಿಲ್ಲದ ಕಡೆಯೂ ಕಾಣುತ್ತದೆ. ಮೊಟ್ಟೆ ಹಳೆಯದೇ ಎಂಬ ಅನುಮಾನವಿದ್ದರೆ ನೀರಿನಲ್ಲಿ ಹಾಕಿ ನೋಡಿ. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಒಳಗಿನ ಗಾಳಿಯ ಚೀಲ ದೊಡ್ಡದಾದ ಹಳೆಯ ಮೊಟ್ಟೆ ತೇಲುತ್ತದೆ. ಹಾಗೆ ನೆನೆದದ್ದನ್ನು ಅಂದೇ ಬಳಸಿ. ಕೂಡಿಡುವ ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನ ರಂಧ್ರಗಳನ್ನು ಮುಚ್ಚಿರುವ ತೆಳು ಲೇಪ ಹೋದರೆ ರೋಗಾಣುಗಳಿಗೆ ದಾರಿಯಾಗುತ್ತದೆ.

ಹಿರಿಯೂರಿನ ಹಿತ್ತಲು · ಮೇ 9

ಎರಡು ಒಳ್ಳೆಯ ಮಳೆಯಾಗಿ ಸೆಕೆ ಇಳಿದಿದೆ. ಮೂರು ವಾರದಿಂದ ತೊಗಲು ಮೊಟ್ಟೆ ಒಂದೂ ಬಿದ್ದಿಲ್ಲ. ಕೆಂಚಿ ಹನ್ನೊಂದು ದಿನ ಮೊಟ್ಟೆ ನಿಲ್ಲಿಸಿದ್ದಳು, ಈಗ ಎರಡು ದಿನಕ್ಕೊಂದರಂತೆ ಇಡುತ್ತಿದ್ದಾಳೆ. ಅವಳ ಮೊಟ್ಟೆಯ ಮೊನೆಯ ಕಡೆ ಮಾತ್ರ ಮುಟ್ಟಿದರೆ ಇನ್ನೂ ಮರಳಿನಂತೆ ಒರಟಾಗಿದೆ. ನಾಟಿಗಳಲ್ಲಿ ಒಂದು ಕಾವಿಗೆ ಕೂತಿದೆ. ಪಕ್ಕದ ಮನೆಯ ಅಜ್ಜಿ ಇಂದು ಸಂಜೆ ಬಂದು ಮೊಟ್ಟೆ ಇಟ್ಟುಕೊಡುವುದಾಗಿ ಹೇಳಿದ್ದಾರೆ. ಕೆಂಚಿಯ ಮೊಟ್ಟೆಯನ್ನೂ ಅದರಲ್ಲಿ ಸೇರಿಸಬಹುದೇ?

ನಿವೃತ್ತ ಪಶುವೈದ್ಯೆ · ಮೇ 9

ಈ ಸಲ ಬೇಡ. ಚಿಪ್ಪು ಸರಿಯಾಗಿ ಕಟ್ಟದ ಮೊಟ್ಟೆಯಿಂದ ಕಾವಿನ 21 ದಿನಗಳಲ್ಲಿ ತೇವ ಹೆಚ್ಚಾಗಿ ಆರಿಹೋಗಿ ಮರಿ ಒಳಗೇ ಸಾಯುತ್ತದೆ, ಕೋಳಿಯ ಕಾಲಿನಡಿ ಅದು ಒಡೆದರೆ ಉಳಿದವೂ ಹೊಲಸಾಗುತ್ತವೆ. ಒಂದು ವಾರಕ್ಕಿಂತ ಹಳೆಯದಲ್ಲದ, ನಡುಗಾತ್ರದ, ನುಣುಪಾದ ಹತ್ತು ಹನ್ನೊಂದು ಮೊಟ್ಟೆಗಳನ್ನು ಆರಿಸಿ, ಕತ್ತಲಾದ ಮೇಲೆ ಕೋಳಿಯ ಅಡಿಗೆ ಇಡಿ. ಏಳನೆಯ ರಾತ್ರಿ ಬೆಳಕಿಗೆ ಹಿಡಿದು ನೋಡಿ, ಜೇಡದ ಬಲೆಯಂತೆ ಕೆಂಪು ಎಳೆ ಕಾಣದವನ್ನು ತೆಗೆದುಬಿಡಿ.

ಹಿರಿಯೂರಿನ ಹಿತ್ತಲು · ಮೇ 9, ರಾತ್ರಿ

ಹನ್ನೊಂದು ಮೊಟ್ಟೆ ಇಟ್ಟೆವು. ಸಿಡಿಲಿಗೆ ಕೆಡಬಾರದೆಂದು ಅಜ್ಜಿ ಹುಲ್ಲಿನ ಕೆಳಗೆ ಒಂದು ಕಬ್ಬಿಣದ ಮೊಳೆ ಮತ್ತು ಇದ್ದಿಲಿನ ಚೂರು ಇಟ್ಟರು. ಮಂಕರಿಯ ಪಕ್ಕದಲ್ಲೇ ನೀರು ಮತ್ತು ಮೇವು ಇದೆ. ಮೇ 30ಕ್ಕೆ 21 ದಿನ ತುಂಬುತ್ತದೆ.